ಅಡುಗೆಕಟ್ಟೆಯ ಎತ್ತರ

ಮೈಲಾಪೂರ್, ಚೆನ್ನೈ
ಅಕ್ಟೋಬರ್ 9, 2025, ಗುರುವಾರ

ಪ್ರೀತಿಯ ಅತ್ತೆಗೆ,

ಪ್ರತಿಮಾಳ ನಮಸ್ಕಾರಗಳು.

ನೀವು ಬ್ರಹ್ಮಾವರಕ್ಕೆ, ಮಗಳು ಅಂಬುಜಕ್ಕನ ಮನೆಗೆ ಹೋದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ತಡವಾಯಿತು, ಕ್ಷಮಿಸಿ. ಎರಡು ಸಲ ಬರೆದು ಹರಿದು ಹಾಕಿದೆ. ಒಂದು ತೀರಾ ಆಫೀಸಿನ ಇಮೇಲ್‌ನ ಹಾಗೆ ಬಂತು, ಇನ್ನೊಂದು ಅಳುಬುರುಕಿಯ ಹಾಗೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ಕನ್ನಡದಲ್ಲಿ ಇಷ್ಟುದ್ದ ಬರೆದು ಎಷ್ಟೋ ಕಾಲವಾಗಿದೆ. ತಪ್ಪುಗಳಿದ್ದರೆ ಅಂಬುಜಕ್ಕನಿಗೆ ತೋರಿಸಿ ನಗಬೇಡಿ.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀರಿ. ಫೋನ್ ಮಾಡಿದರೆ ನೀವು "ಎಲ್ಲ ಸಮ ಇತ್ತ್, ನಿಂಗೆ ಬಿಲ್ ಬತ್ತ್, ಇಡ್ತೆ" ಎಂದು ಇಟ್ಟೇ ಬಿಡುತ್ತೀರಿ. ಈಗ ಹಾಗೆಲ್ಲ ಬಿಲ್ ಬರುವುದಿಲ್ಲ ಎಂದು ನಿಮ್ಮ ಮಗ ಹೇಳಿ ಹೇಳಿ ಸೋತಿದ್ದಾರೆ. ಕಾಗದವನ್ನಾದರೂ ಕೊನೆಯವರೆಗೆ ಓದುತ್ತೀರಿ ಎಂಬ ನಂಬಿಕೆ. ಇನ್ನೊಂದು ಕಾರಣವೂ ಇದೆ, ಅದು ಆಮೇಲೆ.

ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ಬಿಸಿಲಿನ ಉರಿ ಇಳಿದಿದೆ. ಮಧ್ಯಾಹ್ನ ಮೋಡ ಕವಿದು ನಾಲ್ಕು ಹನಿ ಹಾಕಿ ಹೋಗುತ್ತದೆ. ದೊಡ್ಡ ಮಳೆ ದೀಪಾವಳಿಯ ಹೊತ್ತಿಗೆ ಎಂದು ಕೆಳಗಿನ ವಾಚ್‌ಮನ್ ಹೇಳುತ್ತಾನೆ. ಅಷ್ಟರೊಳಗೆ ಮನೆಯನ್ನು ಒಂದು ಹದಕ್ಕೆ ತರಬೇಕೆಂದು ನನಗೆ ಹುಚ್ಚು ಹಿಡಿದಿದೆ. ಬಾಲ್ಕನಿಯ ಗ್ರಿಲ್‌ಗೆ ನಾನೇ ಹಸಿರು ಬಣ್ಣ ಬಳಿದೆ. ಅರ್ಧ ಬಣ್ಣ ದೀಕ್ಷಿತ್‌ನ ಮೊಣಕಾಲಿಗೆ ಹೋಯಿತು, ಅದೇ ಮೊಣಕಾಲು ತೋರಿಸಿಕೊಂಡು ಶಾಲೆಗೆ ಹೋದ. ನೀರು ಇಳಿಯುವ ಕಿಟಕಿಗಳ ಸಂದಿಗೆ ಪುಟ್ಟಿ ಹಾಕಿದೆ. ಮಾವನ ಬೆತ್ತದ ಕುರ್ಚಿ ಕೆಳಗೆ ಮರದ ನೆರಳಿನಲ್ಲಿ ಹೊಸದಾಗಿ ಹೆಣೆಸಿಕೊಂಡು ಮೇಲೆ ಬಂದಿದೆ. ನಿಮ್ಮ ಬಸಳೆ ಗ್ರಿಲ್ ಹತ್ತಿದೆ. ಬಣ್ಣ ಬಳಿಯುವಾಗ ಬಳ್ಳಿಯನ್ನು ಬಿಡಿಸಿ, ಒಣಗಿದ ಮೇಲೆ ಮತ್ತೆ ಕಟ್ಟಿದೆ. ಒಂದು ಕುಡಿ ಮುರಿಯಿತು, ಅದನ್ನು ಹುಳಿಗೆ ಹಾಕಿದೆ. ನಿಮ್ಮ ಮಗ ಉಂಡು, "ಚೆನ್ನಾಗಿದೆ" ಎಂದು ಮೂರು ಸಲ ಹೇಳಿದರು. ಮೂರು ಸಲ ಹೇಳಿದರೆ ಅದರ ಅರ್ಥವೇನೆಂದು ನಿಮಗೂ ಗೊತ್ತು. ನೀವೂ ಮಾವನೂ ನಡೆಸಿದ ಹೋಟೆಲಿನಲ್ಲಿ ಬೆಳೆದ ನಾಲಿಗೆ.

ನಿಜ ಹೇಳುತ್ತೇನೆ ಅತ್ತೆ, ನಾನು ಖುಷಿಯಾಗಿದ್ದೇನೆ. ನಿಮಗೆ ಅದನ್ನು ಬರೆಯಲು ಮಾತ್ರ ಸಂಕೋಚವಾಗುತ್ತದೆ. ಹದಿನೆಂಟು ವರ್ಷ ಈ ಮನೆಯನ್ನು ನಾನು ಬೆಳಗಿನ ಗಡಿಬಿಡಿಯಲ್ಲಿ ನೋಡಿದ್ದೆ, ಗಿಂಡಿಯ ಆಫೀಸಿನಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬಂದ ಸುಸ್ತಿನಲ್ಲಿ ನೋಡಿದ್ದೆ. ಹನ್ನೊಂದು ಗಂಟೆಗೆ ಹಾಲ್‌ನ ನೆಲದ ಮೇಲೆ ಬಿಸಿಲು ಎಲ್ಲಿಯವರೆಗೆ ಬರುತ್ತದೆ ಎಂದು ನನಗೆ ತಿಳಿದಿರಲಿಲ್ಲ. ನೀವು ಹಪ್ಪಳದ ತಟ್ಟೆಯನ್ನು ಆ ಬಿಸಿಲಿನ ಜೊತೆಗೇ ಸರಿಸುತ್ತಾ ಹೋಗುತ್ತಿದ್ದಿರಂತೆ, ರಜೆಯಲ್ಲಿ ಮನೆಯಲ್ಲಿದ್ದು ನೋಡಿದ ವೀಕ್ಷಾ ಹೇಳಿದಳು. ಹದಿನೈದು ವರ್ಷದ ಹುಡುಗಿಗೆ ಗೊತ್ತಿದ್ದ ಮನೆ ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಸಂಜೆಯ ಕಾಫಿ. ಹೊರಗೆ ನಾನು ಬೀಗ ತಿರುಗಿಸುವ ಸದ್ದಿಗೇ ನೀವು ಒಳಗೆ ಹಾಲಿಡುತ್ತಿದ್ದಿರಿ. ಚಪ್ಪಲಿ ಬಿಟ್ಟು ಕೈಕಾಲು ತೊಳೆದು ಬರುವಷ್ಟರಲ್ಲಿ ಲೋಟ ಮೇಜಿನ ಮೇಲಿರುತ್ತಿತ್ತು.

ಜೂನ್ ಕೊನೆಯಲ್ಲಿ ಕೆಲಸ ಬಿಟ್ಟು ಬಂದ ದಿನ ನಿಮಗೆ ನಾನು ಹೇಳಿದ ಮಾತು ನೆನಪಿದೆಯೇ? "ಇನ್ನು ನೀವು ಕೂತುಕೊಳ್ಳಿ ಅತ್ತೆ. ನಾನಿದ್ದೇನಲ್ಲ." ಎಷ್ಟು ಒಳ್ಳೆಯ ಮಾತು ಹೇಳಿದೆನೆಂದು ನನಗೇ ಹೆಮ್ಮೆ. ನೀವು ನಕ್ಕಿರಿ, "ಕೂಕಂಡ್ರೆ ಕಾಲ್ ಹಿಡಿತ್ತ್ ಮಾರಾಯ್ತಿ" ಎಂದಿರಿ. ನಾನೂ ನಕ್ಕೆ. ಅಲ್ಲಿಗೆ ಆ ಮಾತು ಮುಗಿಯಿತು.

ಮರುವಾರದಿಂದಲೇ ನಾನು ಅಡುಗೆಮನೆಗೆ ಕೈ ಹಾಕಿದೆ. ನಿಮ್ಮ ಹಾರ್ಲಿಕ್ಸ್ ಬಾಟಲಿಗಳನ್ನೆಲ್ಲ ತೆಗೆದು ಒಂದೇ ಅಳತೆಯ ಗಾಜಿನ ಡಬ್ಬಿಗಳನ್ನು ಜೋಡಿಸಿದೆ. ದೀಕ್ಷಿತ್ ಚೆಂದದ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಬರೆದು ಅಂಟಿಸಿದ. ನೀವು ಒಂದೊಂದೇ ಮುಚ್ಚಳ ತೆಗೆದು ಮೂಸಿ ನೋಡುತ್ತಿದ್ದಿರಿ. ಧನಿಯಾ ಹಳೆಯದಾಗಿದೆಯೋ ಏನೋ ಎಂದುಕೊಂಡೆ. ಹೌದು ಅತ್ತೆ, ಅಷ್ಟು ದಡ್ಡಿ ನಾನು.

ಆಮೇಲೆ ಕಟ್ಟೆ. ಪಾತ್ರೆ ತೊಳೆಯುವಾಗಲೂ ಹೆಚ್ಚುವಾಗಲೂ ನನಗೆ ಬೆನ್ನು ಬಗ್ಗಿಸಬೇಕಾಗುತ್ತಿತ್ತು. ಸಂಜೆಗೆ ಸೊಂಟ ಹಿಡಿಯುತ್ತಿತ್ತು. ಕಟ್ಟೆ ಒಡೆಸಿ ಎತ್ತರಿಸಲು ಮೇಸ್ತ್ರಿ ಏಳುಮಲೈಯನ್ನು ಕರೆಸಿದೆ. ಅವರು ಟೇಪ್ ಬಿಚ್ಚಿಕೊಂಡು, "ಇಂಗೆ ಸಮೈಯಲ್ ಯಾರ್‌ಮ್ಮಾ?" ಎಂದು ಕೇಳಿದರು. ಇಲ್ಲಿ ಅಡುಗೆ ಯಾರದು ಎಂದು. ನಾನು "ನಾನ್‌ದಾನ್" ಎಂದೆ. ನಾನೇ. ಅವರು ನನ್ನ ಮೊಣಕೈ ಮಡಚಿಸಿ, ಅಲ್ಲಿಂದ ಸ್ವಲ್ಪ ಕೆಳಗೆ ಗೋಡೆಗೆ ಪೆನ್ಸಿಲ್ ಗುರುತು ಹಾಕಿದರು. ಆಗ ನೀವು ಎಲ್ಲಿದ್ದಿರಿ ಎಂದು ಈಗ ನೆನಪು ಮಾಡಿಕೊಳ್ಳುತ್ತೇನೆ. ಬಾಗಿಲಲ್ಲಿ ನಿಂತಿದ್ದಿರಿ, ಏಳುಮಲೈಗೆಂದು ಮಾಡಿದ ಕಾಫಿ ಕೈಯಲ್ಲಿತ್ತು.

*

ಸಂಜೆ ಮುಂದುವರಿಸುತ್ತಿದ್ದೇನೆ. ಮಧ್ಯದಲ್ಲಿ ಮಕ್ಕಳು ಬಂದರು. ಪೆನ್ನು ಹಿಡಿದು ಕೂತ ನನ್ನನ್ನು ನೋಡಿ ದೀಕ್ಷಿತ್, "ಅಮ್ಮಾ, ನಿನಕ್ಕೂ ಹೋಮ್‌ವರ್ಕಾ?" ಎಂದ. ಅಜ್ಜಿಗೆ ಎಂದೆ. "ಅಜ್ಜಿ ಎಪ್ಪ ವರುವಾಂಗ ಅಂತ ಕೇಳು" ಎಂದ. ಯಾವಾಗ ಬರುತ್ತೀರೆಂದು. ಅವನು ಕನ್ನಡದಲ್ಲಿ ಶುರುಮಾಡಿ ತಮಿಳಿನಲ್ಲಿ ಮುಗಿಸುತ್ತಾನೆ, ಇಲ್ಲವೇ ತಮಿಳಿನಲ್ಲಿ ಶುರುಮಾಡಿ ಕನ್ನಡದಲ್ಲಿ. ನಿಮ್ಮ ಹತ್ತಿರ ಮಾತ್ರ ಪೂರ್ತಿ ಕನ್ನಡ ಆಡುತ್ತಿದ್ದ, ನೀವಿಲ್ಲದೆ ಅದೂ ತಪ್ಪುತ್ತಿದೆ.

ಮಣೆಯ ವಿಷಯ ತಿಳಿದದ್ದು ವೀಕ್ಷಾಳಿಂದ. ನವರಾತ್ರಿಗೆಂದು ಅಡುಗೆಮನೆ ತೊಳೆಯುವಾಗ ಸಿಲಿಂಡರಿನ ಹಿಂದೆ, ಗೋಡೆಗೆ ಒರಗಿಸಿದ ಊಟದ ಮಣೆ ಸಿಕ್ಕಿತು. ಇದನ್ನು ಇಲ್ಲಿ ಯಾರು ತಂದಿಟ್ಟರು ಎಂದು ಗೊಣಗಿದೆ. ವೀಕ್ಷಾ ನನ್ನ ಮುಖ ನೋಡಿದಳು. "ಅಜ್ಜಿ ಡೈಲಿ ಅದರ ಮೇಲೆ ನಿಂತು ತಾನೇ ದೋಸೆ ಹುಯ್ತಿದ್ರು. ನಿಜಮಾ ನಿನಗೆ ಗೊತ್ತಿಲ್ವಾ? ನೀನು ಬರೋ ಸದ್ದಾದ್ರೆ ಇಳಿದು ಒಳಗೆ ತಳ್ಳೋರು. 'ಅಮ್ಮಂಗೆ ಹೇಳ್ಬೇಡ, ಬೇಜಾರ್ ಮಾಡ್ಕಂತ್ಳ್' ಅಂದ್ರು."

ನಾನು ಅಲ್ಲೇ ಆ ಮಣೆಯ ಮೇಲೆ ಕೂತುಬಿಟ್ಟೆ. ಎಪ್ಪತ್ತು ದಾಟಿದ ನೀವು, ಉರಿಯುವ ಒಲೆಯ ಮುಂದೆ, ಅಲುಗಾಡುವ ಮಣೆಯ ಮೇಲೆ! ನಿಮ್ಮ ಮುಂಗೈಯ ಸುಟ್ಟ ಗಾಯವೂ ಆಗ ಅರ್ಥವಾಯಿತು. "ಕಾವಲಿ ತಾಗ್ತ್, ಅಷ್ಟೇ" ಎಂದಿದ್ದಿರಿ. ಕಟ್ಟೆ ಎತ್ತರವಾದ್ದರಿಂದ ತಾಗಿತ್ತು. ನಾನು ಮುಲಾಮು ಹಚ್ಚುತ್ತಾ, "ಅದಕ್ಕೇ ಹೇಳಿದ್ದು, ನೀವು ಸುಮ್ಮನೆ ಕೂತುಕೊಳ್ಳಿ ಎಂದು" ಎಂದಿದ್ದೆ.

ಅಂದು ಮಧ್ಯಾಹ್ನ ನಿಮ್ಮ ಮಗನಿಗೆ ಹೇಳಿದೆ. ಅವರು, "ಆ ಕಟ್ಟೆ ಅಪ್ಪ ಅಮ್ಮನನ್ನು ನಿಲ್ಲಿಸಿಯೇ ಅಳತೆ ತೆಗೆಸಿದ್ದು. ಹೋಟೆಲಿನ ಒಲೆ ಅವಳ ಎದೆಯ ಮಟ್ಟಕ್ಕಿತ್ತು. ಮನೆಯದ್ದಾದರೂ ಅವಳ ಕೈಗೆ ಸರಿ ಇರಲಿ ಎಂದು ಹಟ ಹಿಡಿದಿದ್ದರು" ಎಂದರು. ನನಗೆ ಸಿಟ್ಟು ಬಂತು. ಒಡೆಸುವ ಮೊದಲು ಇದನ್ನು ಹೇಳಬಾರದಿತ್ತೇ ಎಂದು ಕೇಳಿದೆ. "ಅಮ್ಮ ಸುಮ್ಮನಿದ್ದಳಲ್ಲ, ನಾನ್ಯಾಕೆ ನಡುವೆ?" ಎಂದರು. ಗಂಡಸರ ಶಾಂತಿ ಅತ್ತೆ, ನಿಮ್ಮ ಮಗ ಅದರಲ್ಲಿ ಮಾವನನ್ನೂ ಮೀರಿಸಿದ್ದಾರೆ.

ಆದರೆ ನನ್ನನ್ನು ಹೆಚ್ಚು ಕಾಡುವುದು ನಿಮ್ಮ ಮೌನ. ಒದ್ದೆ ತಲೆಯಲ್ಲಿ ಫ್ಯಾನಿನ ಕೆಳಗೆ ಕೂತರೆ ಬೈಯುತ್ತಿದ್ದವರು ನೀವು. ತಿಂಡಿ ಬಿಟ್ಟು ಹೊರಟರೆ ಲಿಫ್ಟಿನವರೆಗೆ ಬಂದು ಬೈದು ಡಬ್ಬಿ ಕೊಡುತ್ತಿದ್ದಿರಿ. ನಾನು ಕೆಲಸಕ್ಕೆ ಹೋಗುತ್ತಿದ್ದಾಗ ಇದ್ದ ಆ ಸಲಿಗೆ, ನಾನು ಮನೆಯಲ್ಲಿ ನಿಂತ ಮೇಲೆ ಎಲ್ಲಿ ಹೋಯಿತು? ಇನ್ನು ಇದು ಇವಳ ಮನೆ, ಇವಳಿಗೆ ಏನೂ ಹೇಳುವಂತಿಲ್ಲ ಎಂದು ನಿಮಗೆ ಯಾವಾಗ ಅನಿಸಿತು? ಮೇಸ್ತ್ರಿಗೆ ನಾನು ಉತ್ತರ ಕೊಟ್ಟಾಗಲೇ? ಚೌತಿಗೆಂದು ಹೋದವರು ನವರಾತ್ರಿಗೂ ಬರಲಿಲ್ಲ. ಯಾವಾಗ ಬರುತ್ತೀರಿ ಎಂದರೆ, "ಇನ್ನೆಂತ ಮಾರಾಯ್ತಿ, ನೀ ಮನೇಲೇ ಇಪ್ಪವಳಲ್ದಾ" ಎನ್ನುತ್ತೀರಿ. ಇಷ್ಟು ವರ್ಷ ನೀವು ನಮ್ಮ ಜೊತೆ ಇದ್ದದ್ದು ನಾನು ಮನೆಯಲ್ಲಿಲ್ಲ ಎಂಬ ಕಾರಣಕ್ಕೆ ಮಾತ್ರವೇ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ನಿಮ್ಮ ಕಡೆಯಿಂದ ಹಾಗಿರಲಿಲ್ಲ. ನನ್ನ ಕಡೆಯಿಂದ ಹೇಗಿತ್ತು ಎಂದು ಕೇಳಿದರೆ ಉತ್ತರ ಬೇಗ ಬರುವುದಿಲ್ಲ. ನಿಮ್ಮ ಅಗತ್ಯ ನನಗೆ ಎಷ್ಟಿತ್ತೆಂದರೆ, ಅದರಾಚೆ ಇನ್ನೇನಿದೆ ಎಂದು ನೋಡುವ ಪುರುಸೊತ್ತೇ ಆಗಿರಲಿಲ್ಲ. ಈಗ ಪುರುಸೊತ್ತಿದೆ. ಹನ್ನೊಂದು ಗಂಟೆಯ ಬಿಸಿಲು ಬಂದು ಹೋಗುತ್ತದೆ, ತಟ್ಟೆ ಸರಿಸುವವರಿಲ್ಲ.

ಮೊನ್ನೆ ನೀವು ಸ್ನಾನಕ್ಕೆ ಹೋಗಿದ್ದಾಗ ಅಂಬುಜಕ್ಕ ಫೋನಿನಲ್ಲಿ ಮೆಲ್ಲಗೆ ಹೇಳಿದರು, "ಅಮ್ಮ ಜಗಲಿಯಂಗೆ ಕೂಕಂಡ್ ಹೋಪ ಬಪ್ಪ ಬಸ್ಸೆಲ್ಲ ಕಾಣ್ತ್ರ್. ಎಂತಕ್ಕೆ ಕೈ ಹಾಕ್ರೂ ನಮ್ಮ ನಿಶ್ಮಿತಾ 'ನೀವ್ ಕೂಕಣಿ ಅಜ್ಜಿ' ಅಂತ್ಳ್." ಅಂಬುಜಕ್ಕನ ಸೊಸೆಯೂ ನನ್ನ ಹಾಗೆ ಒಳ್ಳೆಯವಳು, ಪಾಪ.

ಕಳೆದ ವಾರ ಏಳುಮಲೈ ಮತ್ತೆ ಬಂದರು. ಕಿಟಕಿಯ ಬದಿಯ ಕಟ್ಟೆಯನ್ನು ಹಳೆಯ ಎತ್ತರಕ್ಕೆ ಇಳಿಸಿ ಎಂದೆ. "ಏನಮ್ಮಾ, ಎತ್ತು ಅಂದ್ರಿ ಎತ್ತಿದೆ, ಈಗ ಇಳಿಸು ಅಂತೀರ. ಕಟ್ಟೆಯೋ ಲಿಫ್ಟೋ?" ಎಂದು ನಕ್ಕರು. ಅಳತೆಗೆ ಆಳು ಎಲ್ಲಿ ಎಂದು ಕೇಳಿದರು. ಊರಿನಲ್ಲಿದ್ದಾರೆ ಎಂದೆ. ಪುಣ್ಯಕ್ಕೆ ಫ್ರಿಜ್ ಸರಿಸಿದಾಗ ಅದರ ಹಿಂದೆ, ನಾನು ಬಣ್ಣ ಬಳಿಯದೆ ಬಿಟ್ಟ ಗೋಡೆಯಲ್ಲಿ, ಮಾವ ಕಟ್ಟಿಸಿದ ಕಟ್ಟೆಯ ಗೆರೆ ಹಾಗೇ ಇತ್ತು. ಅದಕ್ಕೆ ಸರಿಯಾಗಿ ಇಳಿಸಿದ್ದಾರೆ. ಅಲ್ಲೊಂದು ಒಲೆ ಇಟ್ಟಿದ್ದೇನೆ. ನನ್ನ ಕಟ್ಟೆ ಪಕ್ಕದಲ್ಲಿ ಎತ್ತರವಾಗಿಯೇ ಇದೆ, ನೋಡಲು ಮೆಟ್ಟಿಲಿನ ಹಾಗೆ ಕಾಣುತ್ತದೆ. ಡಬ್ಬಿಗಳ ಮೇಲೆ ಕನ್ನಡದಲ್ಲಿ ಬರೆ ಎಂದರೆ ದೀಕ್ಷಿತ್ ಚಿತ್ರ ಬಿಡಿಸಿದ್ದಾನೆ. ಜೀರಿಗೆಗೆ ಬಿಡಿಸಿದ್ದನ್ನು ನೋಡಿ ನಿಮ್ಮ ಮಗ, "ಇದು ಯಾರ ಮೀಸೆಯೋ?" ಎಂದರು.

ಇದೂ ನನ್ನ ಇನ್ನೊಂದು ಮನೆಗೆಲಸದ ಹುಚ್ಚೇ ಆಯಿತೇ ಎಂಬ ಅನುಮಾನ ನನಗಿದೆ. ಬಂದು ಅಡುಗೆ ಮಾಡಿ ಎಂದು ಕರೆಯುತ್ತಿಲ್ಲ. ಬಂದು ಕೂತುಕೊಳ್ಳಿ ಎಂದಂತೂ ಇನ್ನು ಜನ್ಮದಲ್ಲಿ ಹೇಳುವುದಿಲ್ಲ. ಹಾಗಾದರೆ ಏನೆಂದು ಕರೆಯಲಿ ಎಂದು ತಿಳಿಯದೆಯೇ ಆ ಎರಡು ಕಾಗದಗಳನ್ನು ಹರಿದದ್ದು. ನಿಮಗೆ ಅಲ್ಲಿಯೇ ಹಿತವಾಗಿದ್ದರೆ ಅಲ್ಲಿಯೇ ಇರಿ, ನಾವೇ ಬಂದು ಹೋಗುತ್ತೇವೆ. ಇಲ್ಲವಾದರೆ ದೀಪಾವಳಿಗೆ ಬನ್ನಿ. ಬಂದು, ಕಟ್ಟೆಯ ವಿಷಯಕ್ಕೆ ನನ್ನನ್ನು ಚೆನ್ನಾಗಿ ಬೈಯಿರಿ.

ಅಂಬುಜಕ್ಕನಿಗೂ ನಿಶ್ಮಿತಾಳಿಗೂ ನಮ್ಮ ನೆನಪು ತಿಳಿಸಿ. ಮಕ್ಕಳ ತಲೆಯ ಮೇಲೆ ಅಲ್ಲಿಂದಲೇ ಕೈಯಿಡಿ, ನನ್ನ ತಲೆಯ ಮೇಲೂ.

ನಿಮ್ಮ
ಪ್ರತಿಮಾ

ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ: ನೀವು ಹೊರಟ ದಿನ ಎಗ್ಮೋರ್ ಸ್ಟೇಷನ್ನಿನಲ್ಲಿ, ರೈಲು ಹೊರಡುವ ಮೊದಲು, ಸೊಂಟದಿಂದ ಮನೆಯ ಕೀಯನ್ನು ಪಿನ್ನಿನ ಸಮೇತ ಬಿಚ್ಚಿ ನನ್ನ ಕೈಗೆ ಕೊಟ್ಟಿರಿ. "ಇದ್ ಇನ್ ನಂಗೆಂತಕೆ" ಎಂದಿರಿ. ನಾನು "ಸರಿ" ಎಂದು ಚೀಲಕ್ಕೆ ಹಾಕಿಕೊಂಡೆ. ಆಫೀಸಿನ ಕೊನೆಯ ದಿನ ಕೆಳಗಿನ ಸೆಕ್ಯುರಿಟಿಯವನಿಗೆ ನನ್ನ ಕಾರ್ಡ್ ಕೊಟ್ಟಿದ್ದೆ. ಅವನು ನನ್ನ ಮುಖ ನೋಡದೆ ಅದನ್ನು ಡಬ್ಬಿಗೆ ಹಾಕಿದ. ಹದಿನೆಂಟು ವರ್ಷದ ಮೇಲೆ ಇಷ್ಟೇನಾ ಎಂದು ಬಸ್ಸಿನಲ್ಲಿ ಅತ್ತಿದ್ದೆ. ಆಮೇಲೆ ಎರಡು ತಿಂಗಳು ಕಳೆಯುವುದರೊಳಗೆ, ನೀವು ಕೀ ಕೊಟ್ಟಾಗ ನಾನೂ ನಿಮ್ಮ ಮುಖ ನೋಡಲಿಲ್ಲ ಅತ್ತೆ. ಸೀಟಿನ ನಂಬರು ನೋಡುತ್ತಿದ್ದೆ.

ಆ ಕೀ ಈ ಕಾಗದದ ಜೊತೆಗಿದೆ, ಪಿನ್ನಿನ ಸಮೇತ. ಬಂದಾಗ ಬೆಲ್ ಒತ್ತಬೇಡಿ. ನಾನು ಒಳಗೇ ಇರುತ್ತೇನೆ, ಆದರೂ ನೀವೇ ಬೀಗ ತಿರುಗಿಸಿ ಬನ್ನಿ. ಸದ್ದು ಕೇಳಿದ ಕೂಡಲೇ ಹಾಲಿಡುತ್ತೇನೆ.