ಬಣ್ಣದ ಡಬ್ಬಿಯ ಮೇಲೆ ನಿಂತ ಚಿನ್ನದ ಕಂಬ

ಪಾರಂಪರಿಕ ಕಟ್ಟಡಗಳ ಸಂರಕ್ಷಣಾಧಿಕಾರಿಗಳಿಗೆ,

ಮಾನ್ಯರೇ,

ಒಂದು ಮಾತನ್ನು ಬರೆಯದೇ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಹೇಳಿದರೆ ನಿಮಗೆ ಮುಜುಗರ, ನಮ್ಮ ಬೀದಿಗೆ ಅವಮಾನ. ಆದರೆ ಮಳೆಗಾಲ ಹತ್ತಿರವಾಗುತ್ತಿದೆ, ನನ್ನ ಅತ್ತೆ ಮಲಗುವ ಕೋಣೆಯ ಗೋಡೆ ಬೀದಿಯ ಕಡೆಗೆ ವಾಲುತ್ತಿದೆ. ಆದ್ದರಿಂದ ಹೇಳುತ್ತೇನೆ: ನಗರದ ವಾಸ್ತುವೈಭವದ ನೆನಪಿಗೆಂದು ನೀವು ಹೊರತಂದ ಚಿನ್ನದ ನಾಣ್ಯದಲ್ಲಿ ನಮ್ಮ ಮನೆಯ ಮುಂದೆ ಓರೆಯಾಗಿ ನಿಂತಿದೆಯಲ್ಲ, ಅದು ಕಂಬವಲ್ಲ. ಗೋಡೆ ಬೀಳದಿರಲೆಂದು ಆಸರೆಗೆ ಕೊಟ್ಟ ಹಳೆಯ ತೊಲೆ.

ನಾಣ್ಯದ ಕೈಪಿಡಿ ಇಂಗ್ಲಿಷಿನಲ್ಲಿದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಸೊಸೆ ಇರುವುದೇ ಇಂಥದ್ದಕ್ಕೆ ಎಂದು ಮನೆಯವರ ನಂಬಿಕೆ. ನಾನೇ ಅತ್ತೆಗೆ ಓದಿ ಹೇಳಿದೆ. ‘ಕುಂಭಾಕಾರದ ಪೀಠದ ಮೇಲೆ ಗಾಳಿಗೆ ಬಾಗಿದಂತೆ ನಿಂತ, ಈ ನಗರಕ್ಕೇ ವಿಶಿಷ್ಟವಾದ ಓರೆಗಂಬ.’

“ಯಾವ ಕುಂಭನೇ?” ಅಂದರು ಅತ್ತೆ.

“ಕಂಬದ ಬುಡದಲ್ಲಿದೆಯಲ್ಲ ಅತ್ತೆ, ಅದು.”

“ಅದು ಬಣ್ಣದ ಡಬ್ಬಿ ಅಲ್ವೇನೇ! ನಿಮ್ಮ ಮಾವ ಬಾಗಿಲಿಗೆ ಹಸಿರು ಬಣ್ಣ ಬಳಿದ್ರಲ್ಲ, ಆ ಡಬ್ಬಿ. ಅದಕ್ಕೇ ಸಿಮೆಂಟ್ ತುಂಬಿ ತೊಲೆ ನಿಲ್ಲಿಸಿದ್ರು. ಹಿಡಿಕೆ ಇನ್ನೂ ಇದೆ ನೋಡು.”

ಹಿಡಿಕೆಯೂ ಇದೆ, ಸ್ವಾಮಿ. ಕೈಪಿಡಿಯಲ್ಲಿ ಅದು ‘ಅರ್ಧಚಂದ್ರಾಕಾರದ ಲೋಹಾಲಂಕಾರ’. ನಿಮ್ಮ ತಜ್ಞರು ತಲೆಯೆತ್ತಿ ನೋಡಿದರೇ ಹೊರತು ಬುಡ ತಟ್ಟಿ ನೋಡಲಿಲ್ಲ. ತಟ್ಟಿದ್ದರೆ ತಗಡೇ ತನ್ನ ಇತಿಹಾಸ ಹೇಳುತ್ತಿತ್ತು.

ನಕ್ಕು ಸುಮ್ಮನಾಗಬಹುದಿತ್ತು. ಆದರೆ ಗೋಡೆ ಹೊಸದಾಗಿ ಕಟ್ಟಲು ನಾವು ಕೊಟ್ಟ ಅರ್ಜಿಗೆ ಹೋದ ವಾರ ನಿಮ್ಮ ಉತ್ತರ ಬಂತು: ‘ಸ್ಮಾರಕ ನಾಣ್ಯದಲ್ಲಿ ಮುದ್ರಿತವಾದ ಓರೆಗಂಬವನ್ನು ಸರಿಸಲು ಅವಕಾಶವಿಲ್ಲ.’ ತೊಲೆ ತೆಗೆಯದೆ ಗೋಡೆ ಕಟ್ಟುವಂತಿಲ್ಲ. ಗೋಡೆ ಬೀಳದಿರಲೆಂದು ನಿಲ್ಲಿಸಿದ್ದೇ ಈಗ ಗೋಡೆ ಬೀಳಲು ಕಾರಣವಾಗಬೇಕೇ? ಗೋಡೆಯೇ ಬಿದ್ದರೆ ನಿಮ್ಮ ವಿಶಿಷ್ಟ ಕಂಬ ಯಾವುದಕ್ಕೆ ಒರಗಿ ವಿಶಿಷ್ಟವಾಗಿರುತ್ತದೆ? ಅತ್ತೆಯನ್ನು ಬೇರೆ ಕೋಣೆಗೆ ಕಳಿಸಿ ಎನ್ನುತ್ತೀರೇನೋ. ಇರುವುದು ಇನ್ನೊಂದೇ ಕೋಣೆ. ಅದೂ ಇದೇ ಗೋಡೆಯನ್ನು ನಂಬಿಕೊಂಡಿದೆ.

ನನಗೂ ಅನುಮಾನಗಳಿಲ್ಲವೆಂದಲ್ಲ. ನಿಮ್ಮ ಕಚೇರಿಯ ಗಾಜಿನ ಪೆಟ್ಟಿಗೆಯೊಳಗೆ ನಾಣ್ಯ ನೋಡಿದ ದಿನ ಆ ಓರೆಗೆರೆ ನಿಜಕ್ಕೂ ಚೆಂದ ಕಂಡಿತು. ಇಷ್ಟು ವರ್ಷ ಅದರ ಬುಡದಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋದವಳು ಒಮ್ಮೆಯೂ ನಿಂತು ನೋಡಿರಲಿಲ್ಲ. ಫೋಟೊ ತೆಗೆಯುವವರು ಬರತೊಡಗಿದಾಗ ಚಪ್ಪಲಿಗಳನ್ನು ಸದ್ದಿಲ್ಲದೆ ಒಳಗಿಟ್ಟವಳೂ ನಾನೇ. ಇಷ್ಟು ಕಾಲ ಮನೆ ಕಾದ ತೊಲೆಗೆ ಕಂಬ ಎನ್ನಿಸಿಕೊಳ್ಳುವ ಹಕ್ಕಿಲ್ಲವೇ? ಅತ್ತೆಯ ಮುಂದೆ ಈ ವಾದವನ್ನೂ ಮಂಡಿಸಿದೆ.

“ಚಿನ್ನದ ಚೂರಿ ಅಂತ ಹೊಟ್ಟೆಗೆ ಚುಚ್ಕೊಳ್ಳೋಕಾಗುತ್ತಾ? ನೀನು ನನ್ನ ಕೋಣೇಲಿ ಮಲಕ್ಕೋ. ನಾನು ಬೀದೀಲಿ ನಿಂತು ಕಂಬ ಚೆನ್ನಾಗಿದೆ ಅಂತೀನಿ,” ಅಂದರು.

ನಾನು ಈ ಪತ್ರ ಬರೆಯಲು ಕೂತೆ.

ಗೋಡೆ ಕಟ್ಟಲು ಅನುಮತಿ ಕೊಡಿ; ಬೇಡಿಕೆ ಇಷ್ಟೇ. ಪರಂಪರೆಗೆ ಕುಂದು ಬರುತ್ತದೆಂದಾದರೆ ತೊಲೆಯನ್ನು ಡಬ್ಬಿಯ ಸಮೇತ ನಿಮ್ಮ ಕಚೇರಿಗೇ ಕಳಿಸುತ್ತೇವೆ. ಮೇಜಿನ ಪಕ್ಕ ನಿಲ್ಲಿಸಿಕೊಳ್ಳಿ. ಆಸರೆ ಬೇಕಾದದ್ದು ಅಲ್ಲಿಯೂ ಏನಾದರೂ ಇದ್ದೇ ಇರುತ್ತದೆ.

ಮೇಸ್ತ್ರಿ ಜೂನ್ ಒಂದಕ್ಕೆ ಬರುತ್ತಾನೆ. ಮೊದಲು ಕಬ್ಬಿಣದ ಆಸರೆ ಕೊಟ್ಟು, ಆಮೇಲೆ ತೊಲೆ ಇಳಿಸುತ್ತಾನಂತೆ. ಗೋಡೆ ಏಳಲು ಒಂದು ವಾರ ಸಾಕಂತೆ. ಸಾಹೇಬರನ್ನು ಇನ್ನೊಮ್ಮೆ ಕೇಳಬೇಕಲ್ಲವೇ ಎಂದೆ. “ಕೇಳಿ ಅಕ್ಕಾ, ಬೇಡ ಅಂದೋರ್ಯಾರು? ಗೋಡೆ ಎದ್ದ ಮೇಲೆ ಕೇಳಿ,” ಅಂದ. ನಿಯಮ ಮೀರಿ ಅಭ್ಯಾಸವಿಲ್ಲದವಳು ನಾನು. ಇದು ಸರಿಯೋ ತಪ್ಪೋ ಎಂದು ಇನ್ನೂ ಯೋಚಿಸುತ್ತಿದ್ದೇನೆ. ಯೋಚಿಸಿ ಮುಗಿದ ಕೂಡಲೇ ಈ ಪತ್ರವನ್ನು ನಿಮಗೂ ಪತ್ರಿಕೆಗೂ ಒಟ್ಟಿಗೆ ಕಳಿಸುತ್ತೇನೆ.

ಇಂತಿ,
ನಿಮ್ಮ ಲೋಹಾಲಂಕಾರಕ್ಕೆ ಇಷ್ಟು ವರ್ಷ ಕೊಡೆ ಸಿಕ್ಕಿಸಿದ ಸೊಸೆ

ಅಂಚೆಗೆ ಹಾಕುವ ದಿನ: ಜೂನ್ ಹತ್ತು