ಅಜ್ಜಿಯ ಒದ್ದೆ ಸ್ಪಂಜು

ಮಾರ್ಚ್ ೨೦, ಗುರುವಾರ

ಇದುವರೆಗೆ ಯಾರಿಗೂ ಹೇಳಿಲ್ಲ. ಅಜ್ಜಿಗೆ ಓದಲು ಬರುವುದಿಲ್ಲ ಎಂಬುದು ನನಗೆ ಒಳಗೊಳಗೇ ಹಿತವಾಗಿತ್ತು.

ಬಸ್ಸಿನ ಬೋರ್ಡು, ಮಾತ್ರೆಯ ಚೀಟಿ, ಬೂಸಾನಿನ ಅತ್ತೆಯ ಮೆಸೇಜು — ಎಲ್ಲ ನಾನೇ ಓದಬೇಕು. ಹೈಸ್ಕೂಲು ಅರ್ಧಕ್ಕೆ ಬಿಟ್ಟು ಕಡಲತೀರದ ಈ ಹಳ್ಳಿಗೆ ಬಂದವಳಿಗೆ ಅದೊಂದೇ ಹುದ್ದೆ. ನಾನು ದುಡಿಯುವ ಶೆಡ್ಡಿನಲ್ಲಿ ಸಿಂಪಿಯ ಚಿಪ್ಪು ಒಡೆಯಲು ಯಾರಾದರೂ ಸಿಗುತ್ತಾರೆ. ಅಜ್ಜಿಯ ಕಣ್ಣಾಗಲು ನಾನೊಬ್ಬಳೇ.

ಈಗ ಅವಳು ಒಂದನೇ ಕ್ಲಾಸು. ಮಕ್ಕಳಿಲ್ಲದೆ ಶಾಲೆ ಮುಚ್ಚುವುದರಲ್ಲಿತ್ತು. ಊರಿನ ಮೂವರು ಅಜ್ಜಿಯರನ್ನು ಸೇರಿಸಿಕೊಂಡರು. ಜೊತೆಗೆ ರೊಉನ್ ಎಂಬ ಪುಟ್ಟ ಹುಡುಗಿ.

ಇವತ್ತೂ ಬ್ಯಾಗು ಹೆಗಲಿಗೇರಿಸಿ ಶಾಲೆಯ ಬಸ್ಸು ಹತ್ತಿಸಿದೆ. ಅವಳು ತಿರುಗಿ ನೋಡಲಿಲ್ಲ.

ಮಾರ್ಚ್ ೨೬

ಪ್ಯೊ ಎಂಬ ಹೊಸ ಮೇಷ್ಟ್ರು ನಾಲ್ವರಿಗೂ ಟ್ಯಾಬ್ಲೆಟ್ ಕೊಟ್ಟಿದ್ದಾನೆ. ನನಗಿಂತ ಏಳೆಂಟು ವರ್ಷ ದೊಡ್ಡವನಿರಬಹುದು. ನಗುಮುಖ. ಇಷ್ಟವಾಗಲಿಲ್ಲ.

ಅಜ್ಜಿಗೆ ಫೋನ್ ಕಲಿಸಲು ನಾನೂ ಹೆಣಗಿದ್ದೆ. ಸಿಂಪಿ ಒಡೆದು ಒಡೆದು ಅವಳ ಬೆರಳ ತುದಿ ಕೊರಡಾಗಿದೆ. ಮುಟ್ಟಿದರೂ ಪರದೆಗೆ ಗೊತ್ತಾಗುವುದಿಲ್ಲ. ನಾನು ರೇಗಿದೆ. ಅವಳು ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು ಮರೆತಳು.

ಅವನೇನು ಮಾಡಿದ? ಬಟ್ಟಲಲ್ಲಿ ಒದ್ದೆ ಸ್ಪಂಜು ಇಟ್ಟ. ಬೆರಳು ಅದಕ್ಕೆ ಒತ್ತುವುದು, ಆಮೇಲೆ ಪರದೆ ಮುಟ್ಟುವುದು. ಅಷ್ಟೇ. ನನಗೆ ಹೊಳೆಯಲಿಲ್ಲ.

ಊಟದುದ್ದಕ್ಕೂ ಅಜ್ಜಿಯ ಬಾಯಲ್ಲಿ ಅವನದೇ ಪುರಾಣ.

"ಮೇಷ್ಟ್ರು ಹತ್ತನೇ ಸಲ ಕೇಳಿದ್ರೂ ಹೇಳ್ಕೊಡ್ತಾರೆ ಕಣೇ. ದನಿ ಒಂಚೂರೂ ಏರಲ್ಲ."

"ಅದಕ್ಕೇ ಅವರಿಗೆ ಸಂಬಳ ಕೊಡೋದು."

"ನಿಂಗೆ ಸಂಬಳ ಕೊಟ್ಟಿದ್ರೂ ನೀನು ಕಿರುಚ್ತಿದ್ದೆ ಬಿಡು."

ನಿಜ. ಅದಕ್ಕೇ ಉರಿಯಿತು. ಖಾರದ ಕಿಮ್ಚಿ ಕೂಡ ಸಪ್ಪೆ.

ಏಪ್ರಿಲ್ ೩, ಸಂಜೆ

ಒಂದನೇ ಕ್ಲಾಸಿನವರಿಗೆ ಪೋಷಕರು ಬೇಕಂತೆ. ಅಜ್ಜಿಯ ಪೋಷಕಿ ನಾನು. ಶಾಲೆಯ ಆ್ಯಪ್ ನನ್ನ ಫೋನಿನಲ್ಲೂ ಇದೆ.

ಇವತ್ತು ಅದರಲ್ಲಿ ಹೊಸದೊಂದು ಪಟ್ಟಿ. ಹೋಮ್‌ವರ್ಕ್ ಕಳಿಸದವರ ಹೆಸರು ತಾನಾಗಿಯೇ ಕೆಂಪಾಗುತ್ತದೆ. ರೊಉನ್ — ಕಪ್ಪು. ಅಜ್ಜಿಯರು ಮೂವರೂ ಕೆಂಪು. ಬೆಳಿಗ್ಗೆ ಇದೇ ಪಟ್ಟಿ ಕ್ಲಾಸಿನ ದೊಡ್ಡ ಪರದೆಯ ಮೇಲೆ ಬರುತ್ತದೆ.

ನಮ್ಮಲ್ಲಿ ಬದುಕಿರುವವರ ಹೆಸರನ್ನು ಯಾರೂ ಕೆಂಪಿನಲ್ಲಿ ಬರೆಯುವುದಿಲ್ಲ. ಬರೆದರೆ ಸಾವನ್ನು ಕರೆದಂತೆ. ಪ್ಯೊಗೂ ಗೊತ್ತಿರಲೇಬೇಕು. ಬಣ್ಣವನ್ನು ಯಂತ್ರಕ್ಕೆ ಬಿಟ್ಟಿದ್ದಾನೆ, ನೋಡಿಲ್ಲ.

ಅವನಿಗೆ ಎರಡು ಸಾಲು ಟೈಪ್ ಮಾಡಿದೆ. ಅಳಿಸಿದೆ. ತಪ್ಪು ಅವನದು... ಅವನೇ ಅನುಭವಿಸಲಿ.

ಏಪ್ರಿಲ್ ೪

ಅಂದುಕೊಂಡಂತೆಯೇ ಆಯಿತು. ಅಂದುಕೊಂಡದ್ದಕ್ಕಿಂತ ಕೆಟ್ಟದಾಗಿ.

ಮೂವರಲ್ಲೊಬ್ಬರಾದ ಮಲ್ಜಾ ಅಜ್ಜಿಯ ಗಂಡ ಈ ಚಳಿಗಾಲದಲ್ಲಷ್ಟೇ ತೀರಿಕೊಂಡದ್ದು. ಆ ಅಜ್ಜಿಯ ಹೆಸರೇ ಎಲ್ಲರಿಗಿಂತ ಮೇಲೆ, ಕೆಂಪಗೆ. ಎದ್ದು ಹೊರಟರಂತೆ. ಹಿಂದೆಯೇ ಉಳಿದಿಬ್ಬರು. ನಮ್ಮಜ್ಜಿ ಶಾಲೆಯೊಳಗೆ ಹಾಕುವ ಚಪ್ಪಲಿಯಲ್ಲೇ ಕೆಸರು ತುಳಿದುಕೊಂಡು ಮನೆಗೆ ಬಂದಳು.

"ಹೋಗೋ ವಯಸ್ಸೇ ನಂದು, ಗೊತ್ತು. ಅದನ್ನ ಗೋಡೆ ಮೇಲೆ ಬರೆದು ತೋರಿಸ್ಬೇಕಾ?"

ಸಂಜೆ ಪ್ಯೊ ಪಿಯರ್ ಹಣ್ಣಿನ ಪೆಟ್ಟಿಗೆ ಹಿಡಿದು ಬಂದ. ಅಜ್ಜಿಯ ಕೋಣೆಯ ಮುಚ್ಚಿದ ಬಾಗಿಲಿಗೆ ಬಾಗಿ ಬಾಗಿ ಕ್ಷಮೆ ಕೇಳಿದ. ಬಾಗಿಲು ತೆರೆಯಲಿಲ್ಲ. ಆಮೇಲೆ ನನ್ನತ್ತ ತಿರುಗಿದ.

"ಪೋಷಕರ ಫೋನಿಗೆ ನಿನ್ನೆಯೇ ಬಂದಿರ್ಬೇಕಲ್ಲ?"

"ಬಂದಿತ್ತು."

"ನೋಡಿದ್ರಾ?"

"ನೋಡಿದೆ."

"ಒಂದು ಮಾತು ಹೇಳ್ಬಹುದಿತ್ತು."

"ಹೇಳ್ಬಹುದಿತ್ತು."

"ಮತ್ತೆ ಯಾಕೆ..."

"ಹೊಟ್ಟೆಕಿಚ್ಚು."

ಅವನು ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟು ಹೋದ. ಬಾಗಿಲ ಹಿಂದೆ ಅಜ್ಜಿ ಕೆಮ್ಮಿದಳು. ಕೇಳಿಸಿಕೊಂಡಿದ್ದಾಳೆ.

ಏಪ್ರಿಲ್ ೧೪

ಅಜ್ಜಿ ಮನೆಯಲ್ಲೇ. ಮಾತ್ರೆಯ ಚೀಟಿ ಮತ್ತೆ ನನ್ನ ಕೈಗೇ ಕೊಡುತ್ತಾಳೆ. ಬೇಕಾದದ್ದು ಸಿಕ್ಕಿತು. ನಾಲ್ಕು ದಿನ ಖುಷಿಯಾಗಿಯೇ ಇದ್ದೆ, ಸುಳ್ಳೇಕೆ.

ಇವತ್ತು ಕಿಟಕಿಯಲ್ಲಿ ಮೇಷ್ಟ್ರು ಕೊಟ್ಟಿದ್ದ ಬಟ್ಟಲು ಕಂಡೆ. ಅದರಲ್ಲಿ ಸ್ಪಂಜು. ಮುಟ್ಟಿ ನೋಡಿದೆ — ಒದ್ದೆ. ಶಾಲೆಗೆ ಹೋಗುವುದಿಲ್ಲ ಎಂದವಳು ದಿನವೂ ಅದಕ್ಕೆ ನೀರು ಹಾಕುತ್ತಿದ್ದಾಳೆ.

ಏಪ್ರಿಲ್ ೧೫

ಶೆಡ್ಡಿಗೆ ಹೋಗಲಿಲ್ಲ. ಶಾಲೆಗೆ ಹೋದೆ. ಕ್ಲಾಸಿನಲ್ಲಿ ರೊಉನ್ ಒಬ್ಬಳೇ, ಎದುರಿಗೆ ಪ್ಯೊ. ಟ್ಯಾಬ್ಲೆಟ್ಟುಗಳೆಲ್ಲ ಕಪಾಟಿನಲ್ಲಿ.

"ಇನ್ಮೇಲೆ ಬರೀ ಪೆನ್ಸಿಲ್ಲು, ಕಾಗದ," ಅಂದ. "ಸಾಕಾಯ್ತು ನಂಗೆ. ಆ ಬಣ್ಣ ಎಲ್ಲಿ ಬದಲಾಯಿಸೋದು ಅಂತಾನೂ ಸಿಗಲಿಲ್ಲ."

"ಕೊಡಿ ಇಲ್ಲಿ."

ಮೂರನೇ ಮೆನುವಿನ ತಳದಲ್ಲಿತ್ತು. ಕೆಂಪನ್ನು ಹಸಿರು ಮಾಡಿದೆ. ಅವನು ಏನೋ ಹೊಗಳಲು ಬಾಯಿ ತೆರೆದ. ಕೇಳಿಸಿಕೊಳ್ಳದೆ ಬಂದೆ.

ಅಜ್ಜಿಗೆ ಹೇಳಿದೆ. ಬಣ್ಣ ಬದಲಾದರೆ ಸಾಲದಂತೆ. ಮಲ್ಜಾ ಅಜ್ಜಿಯ ಜೊತೆ ಮಾತಾಡಿ ತೀರ್ಮಾನ ತಂದಳು:

"ಮೇಷ್ಟ್ರ ಹೆಸರೂ ನಮ್ಮ ಹೆಸರಿನ ಜೊತೆ ಹಾಕ್ಲಿ. ಅಪಶಕುನ ಇನ್ನೂ ಉಳಿದಿದ್ರೆ ಎಲ್ರೂ ಹಂಚ್ಕೊಳ್ಳೋಣ. ಅವರಿನ್ನೂ ಚಿಕ್ಕೋರು, ತಡ್ಕೋತಾರೆ."

ನನ್ನ ಹೆಸರನ್ನೂ ಸೇರಿಸಲು ಹೇಳಲಿಲ್ಲ.

ಏಪ್ರಿಲ್ ೧೮

ಪ್ಯೊ ಟ್ಯಾಬ್ಲೆಟ್ಟುಗಳನ್ನು ಮತ್ತೆ ಹೊರತೆಗೆದು, ಪಟ್ಟಿಗೆ ತನ್ನ ಹೆಸರನ್ನೂ ಸೇರಿಸಿದ. ಮೂವರೂ ಮತ್ತೆ ಬಸ್ಸು ಹತ್ತಿದರು. ಶೆಡ್ಡಿನಲ್ಲಿ ಮಧ್ಯಾಹ್ನ ಫೋನು ಟಿಣ್ ಎಂದಿತು. ವಾಕ್ಯಗಳ ನಡುವೆ ಒಂದು ಚುಕ್ಕೆಯೂ ಇರಲಿಲ್ಲ. 'ಸೊಲ್ ಉಂಡೆಯಾ ನಾನು ಉಂಡೆ ನೀನೂ ಶಾಲೆಗೆ ಹೋಗು.'

ಅಜ್ಜಿ ಬರೆದದ್ದು, ನನ್ನ ಹೆಸರು ಹಿಡಿದು. ಗ್ಲೌಸ್ ತೆಗೆದು ಮತ್ತೆ ಮತ್ತೆ ಓದಿದೆ. ಇಷ್ಟು ವರ್ಷ ಬೇರೆಯವರು ಅವಳಿಗೆ ಬರೆದದ್ದನ್ನು ಓದುತ್ತಿದ್ದವಳು ನಾನು.

ಸಂಜೆ ಗೊತ್ತಾಯಿತು — ಮೊದಲ ಮೆಸೇಜು ಮೇಷ್ಟ್ರಿಗೆ. ನನ್ನದು ಎರಡನೆಯದು.

"ಅವ್ರು ಪಕ್ಕದಲ್ಲೇ ಕೂತಿದ್ರಲ್ಲೇ. ಅವ್ರಿಗೆ ಪ್ರಾಕ್ಟೀಸು, ನಿಂಗೆ ನಿಜವಾದ್ದು," ಅಂದಳು.

ಏಪ್ರಿಲ್ ೨೭, ಭಾನುವಾರ

ಪ್ಯೊ ಮೇಲಿನ ಉರಿ ಇನ್ನೂ ಪೂರ್ತಿ ಆರಿಲ್ಲ. ಆದರೆ ಹೆಚ್ಚಿನ ಉರಿ ಬೇರೆಯವರ ಮೇಲೆ — ಬೆಳಿಗ್ಗೆ ಬ್ಯಾಗು ಏರಿಸಿ, ತಿರುಗಿ ನೋಡದೆ ಬಸ್ಸು ಹತ್ತುವ ಮುದುಕಿಯ ಮೇಲೆ.

ಗ್ವಾಂಗ್ಜು ನಗರದಲ್ಲಿ ಶಾಲೆ ಬಿಟ್ಟವರಿಗೆ ಪರೀಕ್ಷೆ ಕಟ್ಟಿಸುವ ಕೇಂದ್ರವಿದೆ. ಸೀಟು ಸಿಕ್ಕಿತು.

"ಬಸ್‌ಸ್ಟಾಪಿಗೆ ಬರ್ತೀಯಾ?" ಅಜ್ಜಿಯನ್ನು ಕೇಳಿದೆ.

"ಅಷ್ಟೊತ್ತಿಗೆ ನಂಗೆ ಕ್ಲಾಸಿದೆ ಕಣೇ. ಹಾಜರಿ ತಪ್ಪುತ್ತೆ."

ಬ್ಯಾಗು ಕಟ್ಟಿಯಾಯಿತು. ನಾಳೆ ಹೊರಡುತ್ತೇನೆ.