‘ಬತ್ತೆ’ ಎನ್ನುವ ಗುಂಡಿ

ಶಿರಸಿ
೮-೮-೨೦೦೪

ಪ್ರೀತಿಯ ನಮಿತಾ,

ನಾನು ಕ್ಷೇಮ. ಹುಬ್ಬಳ್ಳಿಯಲ್ಲಿ ನೀನೂ ಮಗಳು ಅಭಿಜ್ಞಾಳೂ ಆರಾಮಾಗಿದ್ದೀರಿ ಎಂದುಕೊಂಡಿದ್ದೇನೆ. ಬರೆಯಲು ತಡವಾಯಿತು, ಬೇಸರಿಸಬೇಡ. ಹಟವೇನು ನಿನಗೊಬ್ಬಳಿಗೇ ಇದೆಯೇ?

ನಮ್ಮ ‘ಜಗಲಿ’ ಅಂತೂ ಕಾಲೂರಿತು. ನಾವಿಬ್ಬರೂ ಸೇರಿ ಶುರುಮಾಡಿದ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಈಗ ವೆಬ್ ಪುಟದ ಮುಖವನ್ನೆಲ್ಲ ಕನ್ನಡದಲ್ಲೇ ಕಟ್ಟಬಹುದು. ‘ಗುಂಡಿ ಇಡು’ ಎಂದು ಬರೆದರೆ ಗುಂಡಿ ಬರುತ್ತದೆ, ‘ಒತ್ತಿದರೆ’ ಎಂದು ಬರೆದರೆ ಮುಂದಿನದು ನಡೆಯುತ್ತದೆ. ಪುಟ ಮುಚ್ಚುವುದಕ್ಕೆ ‘ಬತ್ತೆ’ಯನ್ನೇ ಇಟ್ಟಿದ್ದೇನೆ. ‘ಮುಚ್ಚು’ ಎಂದರೆ ಸಾಕು, ನಮ್ಮ ಮನೆಮಾತು ಊರಿಗೆಲ್ಲ ಯಾಕೆ ಎಂದು ನೀನು ವಾದಿಸಿದ್ದೆ. ಹೊರಡುವವರು ‘ಹೋಗ್ತೆ’ ಎನ್ನಬಾರದು, ಮತ್ತೆ ಬರುವವರ ಹಾಗೆ ‘ಬತ್ತೆ’ ಎನ್ನಬೇಕು, ಪುಟಕ್ಕೂ ಅದೇ ಮರ್ಯಾದೆ ಎಂದು ನಾನು. ಆ ಒಂದು ಪದಕ್ಕೆ ಜಗಳವಾಡಿ ನೀನು ಬೇರೆ ಕೆಲಸ ಹಿಡಿದು ಹೊರಟದ್ದನ್ನು ನಾನೇನೂ ಮರೆತಿಲ್ಲ.

‘ಜಗಲಿ’ಯಲ್ಲಿ ಮೊದಲು ಕೈಯಾಡಿಸಿದವರು ಬನವಾಸಿ ಕಡೆಯ ಗುರುಶಾಂತವ್ವ, ನಮ್ಮ ಕಂಪ್ಯೂಟರ್ ಕ್ಲಾಸಿಗೆ ಹೊಸದಾಗಿ ಸೇರಿದ ಟೀಚರು. ತಮ್ಮ ಮಹಿಳಾ ಸಂಘಕ್ಕೊಂದು ಪುಟ ಕಟ್ಟಿ, ಅದರಲ್ಲಿ ಅರ್ಧ ವರದಿ ಬರೆದು, ಮುಂದಿನ ಪುಟ ಬರುತ್ತದೆಂದು ‘ಬತ್ತೆ’ ಒತ್ತಿದರು. ಬರೆದದ್ದೆಲ್ಲ ಮಾಯ. ಬರ್ತೀನಿ ಅಂತ ಹೇಳಿ ಹೋಗೇಬಿಟ್ಟಿತಲ್ಲ ಎಂದು ಕಕ್ಕಾಬಿಕ್ಕಿಯಾದರು. ನಾನು ಪದ್ಧತಿಯ ಪುರಾಣ ಬಿಚ್ಚಿದೆ. ಅವರು ನಕ್ಕರು.

“ನಾವೂ ಹಂಗ ಅಂತೀವ್ರಿ. ಆದ್ರ ಹಂಗಂದವ್ರು ಹೊಳ್ಳಿ ಬರಬೇಕಲ್ರಿ.”

ಅವತ್ತೇ ಮತ್ತೆ ಕೀಲಿಮಣೆಯ ಮುಂದೆ ಕೂತೆ. ಪದವನ್ನು ಬದಲಿಸಲಿಲ್ಲ, ಅದರ ಕೆಲಸವನ್ನು ಬದಲಿಸಿದೆ. ಈಗ ‘ಬತ್ತೆ’ ಎಂದು ಹೋದ ಪುಟವನ್ನು ಮತ್ತೆ ಕರೆದರೆ, ಅರ್ಧ ಬರೆದದ್ದನ್ನು ಹಾಗೇ ಹಿಡಿದುಕೊಂಡು ಬರುತ್ತದೆ. ಗುರುಶಾಂತವ್ವನವರಿಗೆ ಸಮಾಧಾನವಾಗಿದೆ. ನಿನ್ನ ಕುರ್ಚಿಯ ಮೇಲೆ ಸದ್ಯಕ್ಕೆ ಪ್ರಿಂಟರ್ ಕೂತಿದೆ, ಎತ್ತಿಡುವುದೇನೂ ಕಷ್ಟವಲ್ಲ.

ಅಭಿಜ್ಞಾಳಿಗೆ ನನ್ನ ಆಶೀರ್ವಾದ. ನಿನಗೂ ಒಳ್ಳೆಯದಾಗಲಿ.

ನಿನ್ನ
ವೇದಾ

ತಾ.ಕ.: ‘ಹೋಗ್ತೆ’ ಎಂಬ ಪದ ‘ಜಗಲಿ’ಯಲ್ಲಿ ಇಲ್ಲ. ಅದಕ್ಕೆ ಏನು ಕೆಲಸ ಕೊಡಬೇಕೆಂದು ನನಗೆ ತಿಳಿಯುವುದಿಲ್ಲ. ಆ ದಿನ ಬಸ್ ಹತ್ತುವಾಗ ನೀನು ತಿರುಗಿಯೂ ನೋಡದೆ “ವೇದಾ, ಆನು ಹೋಗ್ತೆ” ಎಂದೆ. ಜಗಳ ಮರೆತುಹೋಗುತ್ತದೆ, ಆ ಮಾತು ಇನ್ನೂ ನೋಯುತ್ತದೆ. ಬಾಯಿತಪ್ಪಿ ಬಂತೆಂದೇ ಇಂದಿಗೂ ಅಂದುಕೊಂಡಿದ್ದೇನೆ. ಹೌದಾದರೆ ಒಂದು ಸಾಲು ಬರೆ. ಅಲ್ಲವಾದರೆ, ದಯವಿಟ್ಟು ಬರೆಯಬೇಡ.